ಕೆಲಸ ಕಳೆದುಕೊಂಡ ಮಾರಾಟಗಾರ ಐಬಿಎಂ ಕಟ್ಟಿದ ಬಗೆ

ಐಬಿಎಂ ಸಂಸ್ಥೆಯನ್ನು ಜಗದ್ವಿಖ್ಯಾತಗೊಳಿಸಿದ ಥಾಮಸ್ ಜೆ. ವಾಟ್ಸನ್ ಎಂಜಿನಿಯರ್ ಆಗಿರಲಿಲ್ಲ. 1874ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜನಿಸಿದ ಅವರು ಯೌವನದಲ್ಲಿ ಕುದುರೆಗಾಡಿಯಲ್ಲಿ ಊರೂರು ಸುತ್ತಿ ಹೊಲಿಗೆ ಯಂತ್ರ ಮಾರಿದವರು. ಬಳಿಕ ನಗದು ಯಂತ್ರ ತಯಾರಿಸುವ ಎನ್‌ಸಿಆರ್ ಕಂಪನಿ ಸೇರಿ ಮಾರಾಟ ವಿಭಾಗದ ಮುಖ್ಯಸ್ಥರಾದರು.

ಪ್ರತಿಸ್ಪರ್ಧಿಗಳನ್ನು ಅಕ್ರಮವಾಗಿ ಹತ್ತಿಕ್ಕಿದ ಪ್ರಕರಣದಲ್ಲಿ 1913ರಲ್ಲಿ ಅವರಿಗೆ ಒಂದು ವರ್ಷದ ಸೆರೆವಾಸ ವಿಧಿಸಲಾಯಿತು. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ ಕೆಲಸವೂ ಹೋಯಿತು. ವಯಸ್ಸು 40, ಮನೆಯಲ್ಲಿ ಹಸುಗೂಸು. ಆದರೂ ಬರಿಯ ಸಂಬಳದ ಹುದ್ದೆ ಒಪ್ಪದ ಅವರು, 1914ರಲ್ಲಿ ಸಾಲದ ಹೊರೆ ಹೊತ್ತಿದ್ದ ಸಿಟಿಆರ್ ಕಂಪನಿಯನ್ನು ಲಾಭದಲ್ಲಿ ಪಾಲು ಕೇಳಿ ಸೇರಿದರು. ತಕ್ಕಡಿ, ಗಡಿಯಾರಗಳನ್ನೂ ತಯಾರಿಸುತ್ತಿದ್ದ ಆ ಕಂಪನಿಯಲ್ಲಿ ಅವರು ನೆಚ್ಚಿದ್ದು ಪಂಚ್ ಕಾರ್ಡ್ ಲೆಕ್ಕಯಂತ್ರವನ್ನು.

1915ರಲ್ಲಿ ಶಿಕ್ಷೆ ರದ್ದಾಯಿತು, ಅಧ್ಯಕ್ಷ ಪದವಿ ಒಲಿಯಿತು. 1924ರಲ್ಲಿ ಸಿಟಿಆರ್ ಐಬಿಎಂ ಆಯಿತು. 1956ರ ಮೇ ತಿಂಗಳಲ್ಲಿ ಅಂದಿನ ಆ ಹಸುಗೂಸಿಗೇ ಸಂಸ್ಥೆಯ ಚುಕ್ಕಾಣಿ ಒಪ್ಪಿಸಿದ ವಾಟ್ಸನ್, ಮರುತಿಂಗಳು ನಿಧನರಾದರು.