ಏಳು ಸೇತುವೆಗಳ ಗಣಿತಜ್ಞ

ಒಬ್ಬ ಗಣಿತಜ್ಞರು ಸಮೀಕರಣ ಹೇಳಿ ದೇವರಿದ್ದಾರೆಂದು ಸಾಧಿಸಿದರೆಂಬ ಕಥೆಯನ್ನು ನಮ್ಮಲ್ಲಿ ಕೆಲವರು ಪ್ರಬೋಧನೆಯಲ್ಲಿ ಕೇಳಿರಬಹುದು. ರಷ್ಯಾದ ರಾಣಿ ಎರಡನೆಯ ಕ್ಯಾಥರೀನಳ ಆಸ್ಥಾನಕ್ಕೆ ಫ್ರಾನ್ಸಿನ ನಾಸ್ತಿಕ ಚಿಂತಕ ಡಿಡೆರೋ ಬಂದಿದ್ದಾಗ, ಲಿಯೊನಾರ್ಡ್ ಆಯ್ಲರ್ ಎದ್ದುನಿಂತು ಬೀಜಗಣಿತದ ಒಂದು ಸಾಲನ್ನು ಹೇಳಿ, ಆದ್ದರಿಂದ ದೇವರಿದ್ದಾರೆ, ಉತ್ತರ ಕೊಡಿ ಎಂದರಂತೆ. ಗಣಿತ ತಿಳಿಯದ ಡಿಡೆರೋ ತಬ್ಬಿಬ್ಬಾಗಿ ದೇಶಕ್ಕೆ ಹಿಂತಿರುಗಿದರಂತೆ. ಗುರುದೀಕ್ಷೆ ಪಡೆದ ಹೊಸದರಲ್ಲಿ ನಾನೂ ಈ ಕಥೆ ಹೇಳಿ ಜನರನ್ನು ನಗಿಸಿದ್ದೇನೆ. ಅದು ನಿಜವಲ್ಲವೆಂದು ತಿಳಿದದ್ದು ಆಮೇಲೆ. ಡಿಡೆರೋ 1748ರಲ್ಲಿಯೇ ಗಣಿತದ ಪ್ರಬಂಧಗಳನ್ನು ಪ್ರಕಟಿಸಿದ್ದವರು. ಇನ್ನು ಅರ್ಥವಿಲ್ಲದ ಸಾಲೊಂದನ್ನು ಪುರಾವೆ ಎಂದು ಕರೆಯುವುದು ಆಯ್ಲರರ ಸ್ವಭಾವದಲ್ಲೇ ಇರಲಿಲ್ಲ. ಆ ಪ್ರಬೋಧನೆಯ ಸಾಲ ನನ್ನ ಮೇಲಿದೆ. ಆದ್ದರಿಂದ ಅವರ ನಿಜವಾದ ಬದುಕನ್ನು ಇಲ್ಲಿ ಹೇಳುತ್ತೇನೆ.

ಆಯ್ಲರ್ ಜನಿಸಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅವರು ನಮ್ಮ ಧರ್ಮಸಭೆಯವರಲ್ಲ. ತಂದೆ ಪೌಲ್ ಆಯ್ಲರ್ ಪ್ರಾಟೆಸ್ಟಂಟ್ ಸಭಾಪಾಲಕರು, ತಾಯಿಯೂ ಸಭಾಪಾಲಕರ ಮಗಳು. ಮಗನೂ ಅದೇ ಸೇವೆಗೆ ಬರಲಿ ಎಂಬುದು ತಂದೆಯ ಆಸೆ. ಆದರೆ ಹದಿಮೂರಕ್ಕೆ ವಿಶ್ವವಿದ್ಯಾಲಯ ಸೇರಿದ ಹುಡುಗನನ್ನು ಪ್ರಸಿದ್ಧ ಗಣಿತಜ್ಞ ಯೋಹಾನ್ ಬರ್ನೂಲಿ ಗುರುತಿಸಿದರು. ಶನಿವಾರ ಮಧ್ಯಾಹ್ನ ಮನೆಗೆ ಕರೆಸಿಕೊಂಡು ಅವನ ಸಂಶಯಗಳನ್ನು ಬಿಡಿಸುತ್ತಿದ್ದರು. ತಂದೆಯ ಮನವೊಲಿಸಿದವರೂ ಅವರೇ. 1727ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಆಯ್ಲರ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿ ಸೇರಿದರು.

ಅಲ್ಲಿದ್ದಾಗಲೇ ಅವರ ಬಳಿಗೆ ಒಂದು ಒಗಟು ಬಂದಿತು. ಪ್ರಷ್ಯಾದ ಕೋನಿಗ್ಸ್‌ಬರ್ಗ್ ನಗರದಲ್ಲಿ (ಇಂದು ರಷ್ಯಾಕ್ಕೆ ಸೇರಿದ ಕಲಿನಿನ್‌ಗ್ರಾಡ್) ಪ್ರೆಗೆಲ್ ನದಿ ಹರಿದು ಊರನ್ನು ನಾಲ್ಕು ಭಾಗ ಮಾಡಿತ್ತು. ಅವುಗಳನ್ನು ಏಳು ಸೇತುವೆಗಳು ಕೂಡಿಸುತ್ತಿದ್ದವು. ಪ್ರತಿಯೊಂದು ಸೇತುವೆಯನ್ನೂ ಒಂದೇ ಸಲ ದಾಟಿ ಊರೆಲ್ಲ ಸುತ್ತಿ ಬರಬಹುದೇ? ಇದಕ್ಕೂ ಗಣಿತಕ್ಕೂ ಏನು ಸಂಬಂಧವೆಂದು ಆಯ್ಲರರಿಗೇ ಮೊದಲು ಅನ್ನಿಸಿತ್ತು. ಆದರೂ ಅದು ಅವರನ್ನು ಬಿಡಲಿಲ್ಲ.

ಅವರು ಮಾಡಿದ್ದು ಬಹಳ ಸರಳ. ಸೇತುವೆ ಎಷ್ಟು ಉದ್ದ, ದ್ವೀಪ ಎಷ್ಟು ದೊಡ್ಡದು ಎಂಬುದನ್ನೆಲ್ಲ ಬದಿಗಿಟ್ಟರು. ಯಾವ ನೆಲ ಯಾವ ನೆಲಕ್ಕೆ ಕೂಡಿದೆ ಎಂಬುದನ್ನಷ್ಟೇ ಉಳಿಸಿಕೊಂಡರು. ಒಂದು ನೆಲಕ್ಕೆ ಒಂದು ಸೇತುವೆಯಿಂದ ಬಂದವನು ಇನ್ನೊಂದರಿಂದ ಹೊರಡಬೇಕು. ಹಾಗಾಗಿ ಸೇತುವೆಗಳು ಜೋಡಿ ಜೋಡಿಯಾಗಿ ಮುಗಿಯುತ್ತವೆ. ಹೊರಟ ಸ್ಥಳ ಮತ್ತು ನಿಂತ ಸ್ಥಳಗಳಲ್ಲಿ ಮಾತ್ರ ಒಂದು ಒಂಟಿಯಾಗಿ ಉಳಿಯಬಹುದು. ಎಂದರೆ ಬೆಸ ಸಂಖ್ಯೆಯ ಸೇತುವೆಗಳುಳ್ಳ ನೆಲಗಳು ಎರಡಕ್ಕಿಂತ ಹೆಚ್ಚಿರಬಾರದು. ಕೋನಿಗ್ಸ್‌ಬರ್ಗಿನ ದ್ವೀಪಕ್ಕೆ ಐದು, ಉಳಿದ ಮೂರು ನೆಲಗಳಿಗೆ ಮೂರು ಮೂರು. ನಾಲ್ಕೂ ಬೆಸವೇ! ಆದ್ದರಿಂದ ಅಂತಹ ನಡಿಗೆ ಸಾಧ್ಯವಿಲ್ಲ. ಆಗುವುದಿಲ್ಲ ಎಂಬುದೂ ಒಂದು ಪೂರ್ಣ ಉತ್ತರವೆಂದು ಒಪ್ಪಿಕೊಳ್ಳುವುದು ನಮಗೆ ಕಷ್ಟ. ಆಯ್ಲರ್ ಅದನ್ನು ಸಾಧಿಸಿಯೇ ತೋರಿಸಿದರು. 1741ರಲ್ಲಿ ಅಚ್ಚಾದ ಆ ಪ್ರಬಂಧದಿಂದ ಗ್ರಾಫ್ ಸಿದ್ಧಾಂತವೆಂಬ ಗಣಿತಶಾಖೆ ಹುಟ್ಟಿತೆಂದು ಹೇಳುತ್ತಾರೆ.

1750ರಲ್ಲಿ ಅವರು ಗೆಳೆಯ ಗೋಲ್ಡ್‌ಬಾಕರಿಗೆ ಬರೆದ ಪತ್ರದಲ್ಲಿ ಇನ್ನೊಂದು ಸಂಗತಿಯಿದೆ. ದಾಳದಂತಹ ಘನವನ್ನು ಕೈಗೆತ್ತಿಕೊಳ್ಳಿ. ಮೂಲೆಗಳು 8, ಮುಖಗಳು 6, ಕೂಡಿದರೆ 14; ಅಂಚುಗಳು 12. ವ್ಯತ್ಯಾಸ ಎರಡು. ಮಕ್ಕಳು ಒದೆಯುವ ಹಳೆಯ ಮಾದರಿಯ ಫುಟ್‌ಬಾಲಿನಲ್ಲಿ 12 ಪಂಚಕೋನ, 20 ಷಟ್ಕೋನ, ಒಟ್ಟು 32 ಮುಖಗಳು. ಮೂಲೆಗಳು 60, ಹೊಲಿಗೆಯ ಅಂಚುಗಳು 90. ಇಲ್ಲಿಯೂ ಎರಡೇ. ಜೇಡಿಮಣ್ಣಿನ ಘನವನ್ನು ಒತ್ತಿ ಗುಂಡಗೆ ಮಾಡಿದರೂ, ಗೆರೆಗಳು ಉಳಿದರೆ ಲೆಕ್ಕ ಬದಲಾಗದು. ಅಳತೆ ಬದಲಾದರೂ ಉಳಿಯುವ ಇಂತಹ ಗುಣಗಳ ಶಾಸ್ತ್ರವೇ ಟೊಪಾಲಜಿ. ಆಯ್ಲರ್ ಕೊಟ್ಟ ಸಾಧನೆಯಲ್ಲಿ ಒಂದು ಕೊರತೆಯಿತ್ತು. 1794ರಲ್ಲಿ ಲೆಜಾಂಡ್ರ್ ಅದನ್ನು ಪೂರ್ಣವಾಗಿ ಸಾಧಿಸಿದರು. ಮುಂದೆ ಕೌಶಿ ಎಂಬವರು ಘನದ ಒಂದು ಮುಖವನ್ನು ತೆಗೆದು, ಉಳಿದದ್ದನ್ನು ಬಲೆಯಂತೆ ಹರಡಿದರು. ಆಗ ಘನಾಕೃತಿಯೂ ಸೇತುವೆಗಳ ನಕ್ಷೆಯೂ ಒಂದೇ ಜಾತಿಯವಾದವು. ಈ ಕೌಶಿ ನಿಷ್ಠಾವಂತ ಕಥೋಲಿಕರು, ನಮ್ಮ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೇ ಪೌಲ್ ಸಭೆಯ ಸದಸ್ಯರೂ ಆಗಿದ್ದರು. ಆಯ್ಲರರಿಗೂ ನೂರು ವರ್ಷ ಮೊದಲೇ ಈ ಸಂಗತಿಯ ಬಾಗಿಲಿನವರೆಗೆ ಬಂದಿದ್ದವರು ಡೆಕಾರ್ಟ್. ಗುರುಮಠದಲ್ಲಿ ಅವರ ತತ್ತ್ವಶಾಸ್ತ್ರವನ್ನು ಓದಿದ ನಮಗೆ ಇದನ್ನು ಮಾತ್ರ ಯಾರೂ ಹೇಳಲಿಲ್ಲ.

ಮನೆಯ ಕಡೆ ಬರೋಣ. 1734ರಲ್ಲಿ ಆಯ್ಲರ್ ಕ್ಯಾಥರೀನಾ ಗ್ಸೆಲ್‌ರನ್ನು ವಿವಾಹವಾದರು. ದಂಪತಿಗಳಿಗೆ ಹದಿಮೂರು ಮಕ್ಕಳು. ಉಳಿದವರು ಐವರೇ, ಎಂಟು ಸಲ ಆ ತಂದೆತಾಯಿ ಚಿಕ್ಕ ಮಕ್ಕಳನ್ನು ಮಣ್ಣಿಗೆ ಒಪ್ಪಿಸಿದರು. ಮೂವತ್ತರ ಆಸುಪಾಸಿನಲ್ಲಿ ಆಯ್ಲರರ ಬಲಗಣ್ಣು ಹೋಯಿತು. 1741ರಿಂದ ಇಪ್ಪತ್ತೈದು ವರ್ಷ ಅವರು ಬರ್ಲಿನ್ನಿನಲ್ಲಿದ್ದಾಗ, ದೊರೆ ಎರಡನೆಯ ಫ್ರೆಡರಿಕ್ ಅವರ ಒಕ್ಕಣ್ಣನ್ನು ಗೇಲಿ ಮಾಡುತ್ತಿದ್ದ. ದೇವರ ಪ್ರಕಟಣೆಯನ್ನು ಸಮರ್ಥಿಸಿ 1747ರಲ್ಲಿ ಅವರೊಂದು ಕಿರುಪುಸ್ತಕ ಬರೆದರು. ನಿಜ ಹೇಳಬೇಕೆಂದರೆ ಅವರ ಗಣಿತದ ಬಲ ಅದರಲ್ಲಿಲ್ಲ.

ಬಲವಿದ್ದದ್ದು ಬೇರೆ ಕಡೆ. ಕಣ್ಣಿನ ಬೆಳಕು ಇರುವವರೆಗೂ ಅವರು ಪ್ರತಿ ಸಂಜೆ ಮಕ್ಕಳು, ಮನೆಯಾಳುಗಳು, ಮನೆಯಲ್ಲೇ ಉಳಿದಿದ್ದ ಶಿಷ್ಯರು ಎಲ್ಲರನ್ನೂ ಸೇರಿಸಿ ಬೈಬಲಿನ ಒಂದು ಅಧ್ಯಾಯ ಓದುತ್ತಿದ್ದರು. ಕೆಲವೊಮ್ಮೆ ನಾಲ್ಕು ಮಾತು ಬೋಧನೆಯನ್ನೂ ಸೇರಿಸುತ್ತಿದ್ದರು. ಮಗು ಸತ್ತ ಮನೆಯಲ್ಲಿ ಆ ಸಂಜೆಗಳು ಹೇಗಿದ್ದವೋ! ಶವಸಂಸ್ಕಾರ ಮುಗಿಸಿ ಬಂದ ಕುಟುಂಬಗಳಲ್ಲಿ ಜಪಸರ ನಿಂತುಹೋಗುವುದನ್ನು ನಾನು ಕಂಡಿದ್ದೇನೆ. ಅವರನ್ನು ದೂರುವ ಮನಸ್ಸು ನನಗಿಲ್ಲ.

1766ರಲ್ಲಿ ಅವರು ಪೀಟರ್ಸ್‌ಬರ್ಗಿಗೆ ಹಿಂತಿರುಗಿದರು. ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಊರಿಗೆ ಬೆಂಕಿ ಬಿದ್ದು ಅವರ ಮನೆ ಸುಟ್ಟಿತು; ಬಾಸೆಲ್‌ನವನೇ ಆದ ಪೀಟರ್ ಗ್ರಿಮ್ ಎಂಬ ಕೆಲಸಗಾರ ಒಳನುಗ್ಗಿ ಅವರನ್ನು ಬೆನ್ನ ಮೇಲೆ ಹೊತ್ತು ತಂದ. ಅದೇ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಕೆಲವು ದಿನ ಬೆಳಕು ಕಂಡಿತು, ಬಳಿಕ ನಂಜಾಗಿ ಪೂರ್ತಿ ಹೋಯಿತು. 1773ರಲ್ಲಿ ಪತ್ನಿ ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. ಲೆಕ್ಕವನ್ನೆಲ್ಲ ತಲೆಯಲ್ಲೇ ಮಾಡಿ ಮಗನಿಗೂ ಶಿಷ್ಯರಿಗೂ ಹೇಳಿ ಬರೆಸುತ್ತಿದ್ದರು. ಅವರ ಎಂಟುನೂರಕ್ಕೂ ಮಿಕ್ಕಿದ ಬರಹಗಳಲ್ಲಿ ಸುಮಾರು ಅರ್ಧ ಈ ಕುರುಡುತನದ ವರ್ಷಗಳವು.

1783ರ ಸೆಪ್ಟೆಂಬರ್ 18ರಂದು, ಎರಡು ವರ್ಷಗಳ ಹಿಂದೆಯಷ್ಟೇ ಕಂಡುಬಂದಿದ್ದ ಯುರೇನಸ್ ಗ್ರಹದ ಪಥದ ವಿಷಯವನ್ನು ಅವರು ಶಿಷ್ಯರೊಂದಿಗೆ ಮಾತನಾಡಿದರು. ಆಮೇಲೆ ಚಹಾ ಕುಡಿಯುತ್ತಾ ಮೊಮ್ಮಗನನ್ನು ಆಡಿಸುತ್ತಿದ್ದರು. ಅಷ್ಟರಲ್ಲಿ ಮಿದುಳಿನ ರಕ್ತಸ್ರಾವವಾಗಿ ಪ್ರಜ್ಞೆ ತಪ್ಪಿತು. ಅದೇ ರಾತ್ರಿ ತೀರಿಕೊಂಡರು.