ಕಾಲ್ಚೆಂಡಿನ ಧೀರ ವಾಲ್ಟರ್ ಟಲ್

ಮಕ್ಕಳೇ, ಸಂಜೆ ಶಾಲೆಯ ಬಯಲಿನಲ್ಲಿ ನೀವು ಕಾಲ್ಚೆಂಡು ಆಡುತ್ತೀರಿ. ಆಗ ಬದಿಯಲ್ಲಿ ನಿಂತವರು ಕೂಗುತ್ತಿರುತ್ತಾರೆ. ಅವರು ನಿಮ್ಮ ಹೆಸರು ಹಿಡಿದು ಹುರಿದುಂಬಿಸಿದರೆ ಕಾಲಿಗೆ ಹೊಸ ಬಲ ಬರುತ್ತದೆ. ಆದರೆ ಅದೇ ಜನ ನಿಮ್ಮ ಮೈಬಣ್ಣವನ್ನು ಆಡಿಕೊಂಡು ನಕ್ಕರೆ? ಚೆಂಡನ್ನು ಅಲ್ಲೇ ಬಿಟ್ಟು ಮನೆಗೆ ಹೋಗೋಣ ಎನಿಸುವುದಿಲ್ಲವೇ? ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಆಟಗಾರನಿಗೆ ಹೀಗೆಯೇ ಆಯಿತು. ಅವನು ಆಟವನ್ನು ಬಿಡಲಿಲ್ಲ. ಅವನ ಹೆಸರು ವಾಲ್ಟರ್ ಟಲ್. ಬನ್ನಿ, ಅವನ ಜೀವನದ ಕತೆಯನ್ನು ತಿಳಿಯೋಣ.

ವಾಲ್ಟರ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಇಂಗ್ಲೆಂಡಿನ ಕಡಲ ತೀರದ ಫೋಕ್‌ಸ್ಟನ್ ಎಂಬ ಊರಿನಲ್ಲಿ. ಅವನ ತಂದೆ ಡೇನಿಯಲ್ ಬಡಗಿ. ದೂರದ ಬಾರ್ಬಡೋಸ್ ದ್ವೀಪದಿಂದ ಬಂದು ಅಲ್ಲಿ ನೆಲೆಸಿದ್ದನು. ಡೇನಿಯಲನ ತಂದೆ ಆ ದ್ವೀಪದ ಕಬ್ಬಿನ ತೋಟದಲ್ಲಿ ಗುಲಾಮನಾಗಿದ್ದವನು. ವಾಲ್ಟರನ ತಾಯಿ ಆಲಿಸ್ ಇಂಗ್ಲೆಂಡಿನವಳೇ. ತಂದೆ ಕಪ್ಪು ವರ್ಣದವನು, ತಾಯಿ ಬಿಳಿಯ ವರ್ಣದವಳು. ಆ ಕಾಲದ ಇಂಗ್ಲೆಂಡಿನಲ್ಲಿ ಇಂತಹ ಕುಟುಂಬಗಳು ತೀರಾ ಕಡಿಮೆ.

ವಾಲ್ಟರನಿಗೆ ಏಳು ವರ್ಷವಾಗುವಷ್ಟರಲ್ಲಿ ತಾಯಿ ತೀರಿಕೊಂಡಳು. ಒಂಬತ್ತು ವರ್ಷವಾದಾಗ ತಂದೆಯೂ ಇಲ್ಲವಾದನು. ಮಲತಾಯಿ ಮಕ್ಕಳನ್ನು ಪ್ರೀತಿಸುತ್ತಿದ್ದಳು. ಆದರೆ ಅಷ್ಟು ಮಂದಿಯ ಹೊಟ್ಟೆ ತುಂಬಿಸುವುದು ಅವಳೊಬ್ಬಳಿಂದ ಆಗಲಿಲ್ಲ. ಆದ್ದರಿಂದ ವಾಲ್ಟರ್ ಮತ್ತು ಅವನ ಅಣ್ಣ ಎಡ್ವರ್ಡ್ ಲಂಡನ್ನಿನ ಬೆತ್ನಲ್ ಗ್ರೀನ್ ಎಂಬಲ್ಲಿದ್ದ ಅನಾಥಾಲಯವನ್ನು ಸೇರಬೇಕಾಯಿತು. ಎರಡು ವರ್ಷಗಳ ಬಳಿಕ ಸ್ಕಾಟ್ಲೆಂಡಿನ ಒಂದು ಕುಟುಂಬ ಎಡ್ವರ್ಡನನ್ನು ದತ್ತು ತೆಗೆದುಕೊಂಡಿತು. ಅವನು ಮುಂದೆ ಓದಿ ದಂತವೈದ್ಯನಾದನು. ಅಣ್ಣನೂ ದೂರವಾದ ಮೇಲೆ ವಾಲ್ಟರ್ ಒಂಟಿಯಾದನು.

ಅನಾಥಾಲಯದಲ್ಲಿ ಅವನು ಅಚ್ಚಿನ ಕೆಲಸ ಕಲಿತನು. ಬಿಡುವಿನ ವೇಳೆ ಅಲ್ಲಿಯ ಹುಡುಗರ ತಂಡದಲ್ಲಿ ಕಾಲ್ಚೆಂಡು ಆಡಿದನು. ಅವನ ಆಟ ಹೊರಗಿನವರ ಕಣ್ಣಿಗೂ ಬಿತ್ತು. 1908ರಲ್ಲಿ ಲಂಡನ್ನಿನ ಕ್ಲಾಪ್ಟನ್ ತಂಡ ಅವನನ್ನು ಸೇರಿಸಿಕೊಂಡಿತು. ಅಲ್ಲಿ ಆಟಗಾರರಿಗೆ ಸಂಬಳವಿರಲಿಲ್ಲ. ಸಂತೋಷಕ್ಕಾಗಿಯೇ ಆಡುತ್ತಿದ್ದರು. ಆ ಒಂದೇ ವರ್ಷದಲ್ಲಿ ತಂಡ ಮೂರು ಬಹುಮಾನದ ಕಪ್ಪುಗಳನ್ನು ಗೆದ್ದಿತು.

ಮರುವರ್ಷ ಟಾಟನ್‌ಹ್ಯಾಮ್ ಹಾಟ್ಸ್‌ಪರ್ ಎಂಬ ದೊಡ್ಡ ತಂಡದಿಂದ ಕರೆ ಬಂದಿತು. ಇನ್ನು ಆಟವೇ ಅವನ ಉದ್ಯೋಗ! ಸಂಬಳ ವಾರಕ್ಕೆ 4 ಪೌಂಡು. ಆಗಿನ ನಿಯಮದ ಪ್ರಕಾರ ಒಬ್ಬ ಆಟಗಾರನಿಗೆ ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ತಂಡದ ಜೊತೆಗೆ ಅವನು ಹಡಗಿನಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆ ದೇಶಗಳಿಗೂ ಹೋಗಿ ಆಡಿ ಬಂದನು. 1909ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಮೊದಲ ದರ್ಜೆಯ ಪಂದ್ಯಗಳಿಗೆ ಇಳಿದನು.

ಅಕ್ಟೋಬರಿನಲ್ಲಿ ಬ್ರಿಸ್ಟಲ್ ನಗರದಲ್ಲಿ ಪಂದ್ಯ ನಡೆಯಿತು. ವಾಲ್ಟರನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಪ್ರೇಕ್ಷಕರಲ್ಲಿ ಕೆಲವರು ಅವನ ಬಣ್ಣವನ್ನು ಹಿಡಿದು ಹೊಲಸು ಮಾತುಗಳಿಂದ ಬೈದರು. ವಾಲ್ಟರ್ ತಿರುಗಿ ಬೈಯಲಿಲ್ಲ. ಯಾರನ್ನೂ ಒದೆಯಲಿಲ್ಲ. ಕೊನೆಯವರೆಗೂ ಶುದ್ಧವಾಗಿ ಆಡಿದನು. ಪಂದ್ಯವನ್ನು ನೋಡಿದ ಒಬ್ಬ ಪತ್ರಕರ್ತ, ಬೈದವರ ನಡತೆ ನಾಚಿಕೆಗೇಡಿನದು, ವಾಲ್ಟರನ ನಡತೆ ಎಲ್ಲ ಆಟಗಾರರಿಗೂ ಮಾದರಿ ಎಂಬ ಅರ್ಥದಲ್ಲಿ ಬರೆದನು.

ಆದರೆ ಒಳ್ಳೆಯ ನಡತೆಗೆ ಕೂಡಲೇ ಒಳ್ಳೆಯ ಫಲ ಸಿಕ್ಕಿತೇ? ಇಲ್ಲ. ಆ ಪಂದ್ಯದ ಬಳಿಕ ಮುಖ್ಯ ತಂಡದಲ್ಲಿ ಅವನಿಗೆ ಅವಕಾಶಗಳು ಕಡಿಮೆಯಾದವು. ಟಾಟನ್‌ಹ್ಯಾಮ್ ಪರವಾಗಿ ಲೀಗಿನಲ್ಲಿ ಅವನು ಆಡಿದ್ದು ಹತ್ತೇ ಪಂದ್ಯ, ಹೊಡೆದದ್ದು ಎರಡು ಗೋಲು. ಹೆಚ್ಚಿನ ದಿನಗಳನ್ನು ಎರಡನೆಯ ತಂಡದಲ್ಲಿಯೇ ಕಳೆದನು.

ವಾಲ್ಟರ್ ಎದೆಗುಂದಲಿಲ್ಲ. 1911ರಲ್ಲಿ ನಾರ್ತ್ಯಾಂಪ್ಟನ್ ಟೌನ್ ತಂಡವನ್ನು ಸೇರಿದನು. ಮುಂದೆ ಬಹಳ ಹೆಸರು ಮಾಡಿದ ಹರ್ಬರ್ಟ್ ಚಾಪ್‌ಮನ್ ಆಗ ಆ ತಂಡದ ವ್ಯವಸ್ಥಾಪಕ. ಅವನು ವಾಲ್ಟರನ ಬಣ್ಣವನ್ನು ನೋಡಲಿಲ್ಲ, ಆಟವನ್ನು ನೋಡಿದನು. ವಾಲ್ಟರ್ ಅಲ್ಲಿ ನೂರಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದನು. ಊರಿನ ಜನ ಅವನನ್ನು ತಮ್ಮವನೆಂದು ಮೆಚ್ಚಿಕೊಂಡರು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ವಾಲ್ಟರ್ ಆಟವನ್ನು ಬಿಟ್ಟು ಸೈನ್ಯವನ್ನು ಸೇರಿದನು. ಅವನ ದಳದಲ್ಲಿ ಕಾಲ್ಚೆಂಡಿನ ಆಟಗಾರರೇ ಬಹಳ ಮಂದಿ ಇದ್ದುದರಿಂದ ಅದಕ್ಕೆ ಫುಟ್‌ಬಾಲ್ ದಳವೆಂದೇ ಹೆಸರು ಬಂದಿತ್ತು. 1916ರಲ್ಲಿ ಫ್ರಾನ್ಸಿನ ಸೊಮ್ ಎಂಬಲ್ಲಿ ನಡೆದ ಘೋರ ಯುದ್ಧದಲ್ಲಿ ಅವನು ಹೋರಾಡಿದನು.

ಅವನ ಧೈರ್ಯವನ್ನು ಕಂಡ ಮೇಲಿನವರು ಅವನನ್ನು ಅಧಿಕಾರಿಯ ತರಬೇತಿಗೆ ಕಳುಹಿಸಿದರು. ಯುರೋಪಿನ ಮೂಲದವರಲ್ಲದವರು ಅಧಿಕಾರಿಗಳಾಗಬಾರದೆಂಬ ನಿಯಮ ಆಗ ಬ್ರಿಟಿಷ್ ಸೈನ್ಯದಲ್ಲಿತ್ತು. ಆದರೂ 1917ರ ಮೇ ತಿಂಗಳಿನಲ್ಲಿ ವಾಲ್ಟರ್ ಸೆಕೆಂಡ್ ಲೆಫ್ಟಿನೆಂಟ್ ಆದನು. ಬಿಳಿಯ ಸೈನಿಕರು ಅವನ ಆಜ್ಞೆಯನ್ನು ಪಾಲಿಸಿದರು. ಇಟಲಿಯಲ್ಲಿದ್ದಾಗ ಅವನು 26 ಸೈನಿಕರೊಂದಿಗೆ ರಾತ್ರಿ ಪಿಯಾವೆ ನದಿಯನ್ನು ದಾಟಿ ಶತ್ರುಗಳ ಮೇಲೆ ದಾಳಿ ಮಾಡಿದನು. ಕೊರೆಯುವ ಚಳಿ, ರಭಸವಾಗಿ ಹರಿಯುವ ನೀರು, ಎದುರಿನಿಂದ ಗುಂಡಿನ ಮಳೆ. ಅಷ್ಟಾದರೂ ಒಬ್ಬನನ್ನೂ ಕಳೆದುಕೊಳ್ಳದೆ ಎಲ್ಲರನ್ನೂ ಮರಳಿ ಕರೆತಂದನು. ಸೇನಾಪತಿ ಅವನ ಧೈರ್ಯವನ್ನು ಹೊಗಳಿದನು.

ಬಳಿಕ ಅವನ ದಳ ಮತ್ತೆ ಫ್ರಾನ್ಸಿಗೆ ಬಂದಿತು. 1918ರ ಮಾರ್ಚ್ 25ರಂದು ನಡೆದ ಯುದ್ಧದಲ್ಲಿ ಗುಂಡು ತಗಲಿ ವಾಲ್ಟರ್ ಬಿದ್ದನು. ಅವನ ಸೈನಿಕರು ಗುಂಡಿನ ಮಳೆಯ ನಡುವೆಯೂ ಅವನನ್ನು ಹೊತ್ತು ತರಲು ಹೆಣಗಿದರು. ಅವರಲ್ಲಿ ಒಬ್ಬ ಕಾಲ್ಚೆಂಡಿನ ಗೋಲ್‌ಕೀಪರ್ ಆಗಿದ್ದವನು. ಆದರೆ ಅವರ ಪ್ರಯತ್ನ ಫಲಿಸಲಿಲ್ಲ. ವಾಲ್ಟರನ ದೇಹ ಸಿಗಲೇ ಇಲ್ಲ. ಆಗ ಅವನ ವಯಸ್ಸು 29.

ಆದ್ದರಿಂದ ವಾಲ್ಟರನಿಗೆ ಸಮಾಧಿಯಿಲ್ಲ. ಫ್ರಾನ್ಸಿನ ಅರಾಸ್ ಎಂಬಲ್ಲಿ ಸಮಾಧಿಯಿಲ್ಲದ ಸುಮಾರು 35,000 ಸೈನಿಕರ ಹೆಸರುಗಳನ್ನು ಗೋಡೆಯ ಕಲ್ಲಿನ ಮೇಲೆ ಕೆತ್ತಿದ್ದಾರೆ. ಅವನ ಹೆಸರೂ ಅಲ್ಲಿದೆ. ಬಹಳ ಕಾಲ ಅವನನ್ನು ಹೆಚ್ಚಿನವರು ಮರೆತೇ ಬಿಟ್ಟಿದ್ದರು. ನಾರ್ತ್ಯಾಂಪ್ಟನ್ ತಂಡದ ಆಟದ ಮೈದಾನದ ಬಳಿ 1999ರಲ್ಲಿ ಅವನ ಸ್ಮಾರಕವನ್ನು ಕಟ್ಟಿದರು. 2017ರಲ್ಲಿ ಅದೇ ಊರಿನಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು.

ಮಕ್ಕಳೇ, ಬ್ರಿಸ್ಟಲ್ಲಿನಲ್ಲಿ ಅಂದು ಬೈದವರ ಹೆಸರು ಯಾರಿಗೂ ನೆನಪಿಲ್ಲ. ಬೈಸಿಕೊಂಡವನ ಹೆಸರು ಕಲ್ಲಿನ ಮೇಲೆ ಉಳಿದಿದೆ. ಆದರೆ ಅಂದು ಪ್ರೇಕ್ಷಕರಲ್ಲಿ ಇನ್ನೂ ಸಾವಿರಾರು ಮಂದಿ ಇದ್ದರಲ್ಲವೇ? ಪಕ್ಕದಲ್ಲಿದ್ದವರು ತಡೆದಿದ್ದರೆ ವಾಲ್ಟರನ ನೋವು ಎಷ್ಟು ಹಗುರವಾಗುತ್ತಿತ್ತು! ನಾಳೆ ನೀವು ಬಯಲಿನ ಬದಿಯಲ್ಲಿ ನಿಂತು ಆಟ ನೋಡುವಾಗ ಯಾರಾದರೂ ಒಬ್ಬ ಹುಡುಗನ ಬಣ್ಣವನ್ನೋ ಬಡತನವನ್ನೋ ಆಡಿಕೊಂಡು ನಗಬಹುದು. ಆಗ ವಾಲ್ಟರನನ್ನು ನೆನೆಯಿರಿ. ಆ ಹುಡುಗನ ಹೆಸರು ಹಿಡಿದು ಗಟ್ಟಿಯಾಗಿ ಹುರಿದುಂಬಿಸಿರಿ.