ವಿದ್ಯೆಯ ಋಣ

ವಿದ್ಯೆಯನ್ನರಸಿ ಕಡಲು ದಾಟಿ ಹೋದವರು ಎಲ್ಲ ಕಾಲಗಳಲ್ಲಿಯೂ ಉಂಟು. ಹೋದ ನಾಡಿನಲ್ಲಿಯೇ ನೆಲೆನಿಂತು ಸುಖವಾಗಿ ಬಾಳಿದವರೂ ಅನೇಕರು. ಆದರೆ ತಾವು ಪಡೆದ ವಿದ್ಯೆಯನ್ನು ಋಣವೆಂದು ಬಗೆದು, ಅದನ್ನು ತಾಯ್ನಾಡಿಗೆ ತೀರಿಸಲು ಬಾಳನ್ನೇ ಸವೆಸಿದವರು ವಿರಳ. ಚೀನಾ ದೇಶದ ಯುಂಗ್ ವಿಂಗ್ ಅಂತಹವರಲ್ಲಿ ಒಬ್ಬರು.

ಯುಂಗ್ ವಿಂಗ್ 1828ರಲ್ಲಿ ದಕ್ಷಿಣ ಚೀನಾದ ಮಕಾವ್ ಪಟ್ಟಣಕ್ಕೆ ಸಮೀಪದ ನಾನ್‌ಪಿಂಗ್ ಎಂಬ ಹಳ್ಳಿಯಲ್ಲಿ ಜನಿಸಿದರು. ಅವರದು ಬಡ ಕುಟುಂಬ. ಏಳನೆಯ ವಯಸ್ಸಿನಲ್ಲಿ ಮಕಾವ್‌ನ ಮಿಷನರಿ ಶಾಲೆಗೆ ಸೇರಿದರು. ಕೆಲವು ವರ್ಷಗಳಲ್ಲಿ ಶಾಲೆ ಮುಚ್ಚಿತು. 1840ರಲ್ಲಿ ತಂದೆಯೂ ತೀರಿಕೊಂಡರು. ಆಗ ಬಾಲಕ ಯುಂಗ್ ವಿಂಗ್ ಮಿಠಾಯಿ ಮಾರಿ, ಕೊಯ್ಲಾದ ಗದ್ದೆಗಳಲ್ಲಿ ಹಕ್ಕಲಾಯ್ದು ತಾಯಿಗೆ ನೆರವಾದರು. ಮರುವರ್ಷ ಮತ್ತೊಂದು ಮಿಷನರಿ ಶಾಲೆಯಲ್ಲಿ ಅವರಿಗೆ ಸ್ಥಳ ದೊರೆಯಿತು. ಅಲ್ಲಿ ಉಪಾಧ್ಯಾಯರಾಗಿದ್ದ ಅಮೆರಿಕದ ಪಾದ್ರಿ ಬ್ರೌನ್ ಅವರು 1847ರಲ್ಲಿ ಸ್ವದೇಶಕ್ಕೆ ಮರಳುವಾಗ ಮೂವರು ವಿದ್ಯಾರ್ಥಿಗಳನ್ನು ಜೊತೆಗೆ ಕರೆದೊಯ್ದರು. ಅವರಲ್ಲಿ ಯುಂಗ್ ವಿಂಗ್ ಒಬ್ಬರು.

ಪ್ರೌಢಶಿಕ್ಷಣ ಮುಗಿದ ಮೇಲೆ ಕಾಲೇಜಿಗೆ ಸೇರಲು ಹಣವಿರಲಿಲ್ಲ. ಮುಂದೆ ಧರ್ಮಪ್ರಚಾರಕನಾಗುವೆನೆಂದು ಮಾತು ಕೊಟ್ಟರೆ ನೆರವು ನೀಡಲು ಶಾಲೆಯ ಧರ್ಮದರ್ಶಿಗಳು ಸಿದ್ಧರಿದ್ದರು. ಯುಂಗ್ ವಿಂಗ್ ಒಪ್ಪಲಿಲ್ಲ. ಸ್ವದೇಶಕ್ಕೆ ಯಾವ ಸೇವೆ ಅಗತ್ಯವೋ ಅದನ್ನು ಸಲ್ಲಿಸುವ ಸ್ವಾತಂತ್ರ್ಯವನ್ನು ಅವರು ಮುಂಗಡವಾಗಿ ಮಾರಿಕೊಳ್ಳಲಾರದೆ ಹೋದರು. ಮುಂದೆ ಮಹಿಳಾ ಸಂಘವೊಂದರ ಸಹಾಯದಿಂದಲೂ ಸ್ವಂತ ದುಡಿಮೆಯಿಂದಲೂ ಯೇಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1854ರಲ್ಲಿ ಪದವಿ ಪಡೆದರು. ಅಮೆರಿಕದ ಕಾಲೇಜೊಂದರ ಪದವೀಧರರಾದ ಮೊದಲ ಚೀನೀಯರು ಅವರೇ. ತನಗೆ ದೊರೆತ ಅವಕಾಶ ತನ್ನ ನಾಡಿನ ಮುಂದಿನ ಪೀಳಿಗೆಗೂ ದೊರೆಯಬೇಕೆಂಬ ಸಂಕಲ್ಪ ಅಲ್ಲಿಯೇ ಮೂಡಿತು.

ಪದವಿ ಪಡೆದೊಡನೆ ಅವರು ತಾಯ್ನಾಡಿಗೆ ಹೊರಟರು. ಆದರೆ ಎಂಟು ವರ್ಷಗಳ ಪರದೇಶವಾಸದಲ್ಲಿ ಮಾತೃಭಾಷೆಯೇ ಬಹುಮಟ್ಟಿಗೆ ಮರೆತುಹೋಗಿತ್ತು. ಅದನ್ನು ಮತ್ತೆ ಕಲಿಯಬೇಕಾಯಿತು. ಭಾಷಾಂತರಕಾರರಾಗಿ, ಸುಂಕದ ಕಚೇರಿಯ ನೌಕರರಾಗಿ, ಚಹಾ ವ್ಯಾಪಾರಿಯಾಗಿ ಹಲವು ವರ್ಷ ಕಳೆದರು. 1863ರಲ್ಲಿ ಪ್ರಬಲ ಪ್ರಾಂತಾಧಿಪತಿ ಝೆಂಗ್ ಗುವೋಫಾನ್ ಅವರನ್ನು ಕರೆಸಿಕೊಂಡನು. ಕೇವಲ ಬಂದೂಕು ತಯಾರಿಸುವ ಯಂತ್ರಗಳಿಗಿಂತ, ಬಗೆಬಗೆಯ ಯಂತ್ರಗಳನ್ನೇ ತಯಾರಿಸಬಲ್ಲ ಮೂಲಯಂತ್ರಗಳು ದೇಶಕ್ಕೆ ಬೇಕೆಂದು ಯುಂಗ್ ವಿಂಗ್ ಸಲಹೆ ಕೊಟ್ಟರು. ಆ ಕಾರ್ಯ ಅವರಿಗೇ ಒಪ್ಪಿಸಲ್ಪಟ್ಟಿತು. ಅವರು ಅಮೆರಿಕದಿಂದ ತರಿಸಿದ ಯಂತ್ರಗಳು ಷಾಂಘೈನ ಜಿಯಾಂಗ್‌ನಾನ್ ಶಸ್ತ್ರಾಗಾರದಲ್ಲಿ ಸ್ಥಾಪಿತವಾದವು. ಯಂತ್ರವನ್ನು ಕೊಂಡುತಂದರೆ ಸಾಲದು, ಅದನ್ನು ಬಲ್ಲವರೂ ಬೇಕೆಂದು, ಅಲ್ಲಿಯೇ ಒಂದು ಯಂತ್ರವಿದ್ಯಾ ಶಾಲೆಯನ್ನು ತೆರೆಯಿಸಿದರು.

ಆದರೆ ಅವರ ಮುಖ್ಯ ಸಂಕಲ್ಪ ಇನ್ನೂ ಉಳಿದಿತ್ತು. ಬಹುಕಾಲದ ಪ್ರಯತ್ನದ ತರುವಾಯ ಸರ್ಕಾರ ಅದಕ್ಕೆ ಸಮ್ಮತಿಸಿತು. 1872ರಿಂದ 1875ರವರೆಗೆ ವರ್ಷಕ್ಕೆ 30ರಂತೆ 120 ಬಾಲಕರು ಅಮೆರಿಕಕ್ಕೆ ತೆರಳಿದರು. ಅವರು 15 ವರ್ಷ ಅಲ್ಲಿದ್ದು ವಿದ್ಯೆ ಕಲಿತು ಮರಳಬೇಕೆಂಬುದು ಯೋಜನೆ. ಹಾರ್ಟ್‌ಫರ್ಡ್ ನಗರ ಅದರ ಕೇಂದ್ರವಾಯಿತು.

ಹೊಸದನ್ನು ಕಂಡರೆ ಅಂಜುವವರು ಎಲ್ಲ ಕಡೆಯೂ ಇರುತ್ತಾರೆ. ಹುಡುಗರು ಸ್ವದೇಶದ ಆಚಾರವನ್ನು ಮರೆತು ಆಟಪಾಟಗಳಲ್ಲಿ ಮುಳುಗಿದ್ದಾರೆಂದೂ, ಕೆಲವರು ಅರಸನಿಗೆ ವಿಧೇಯತೆಯ ಗುರುತಾದ ಜಡೆಯನ್ನೇ ಕತ್ತರಿಸಿದ್ದಾರೆಂದೂ ಸಂಪ್ರದಾಯನಿಷ್ಠ ಅಧಿಕಾರಿಗಳು ದೂರಿತ್ತರು. ಇತ್ತ ಅಮೆರಿಕ ಸರ್ಕಾರವೂ ತನ್ನ ಸೈನಿಕ ಶಾಲೆಗಳಿಗೆ ಚೀನೀ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ನಿರಾಕರಿಸಿತು. 1881ರಲ್ಲಿ ಎಲ್ಲರೂ ಮರಳಬೇಕೆಂಬ ಆಜ್ಞೆ ಬಂತು. ಬಹುತೇಕ ವಿದ್ಯಾರ್ಥಿಗಳ ವ್ಯಾಸಂಗ ಅರ್ಧದಲ್ಲಿಯೇ ನಿಂತಿತು. ಜೀವಮಾನದ ಕನಸು ಯುಂಗ್ ವಿಂಗ್ ಅವರ ಕಣ್ಣೆದುರಿನಲ್ಲಿಯೇ ಮುರಿದುಬಿತ್ತು.

ಮುಂದಿನ ದಿನಗಳೂ ಸುಖದವಾಗಿರಲಿಲ್ಲ. 1898ರ ಸುಧಾರಣಾ ಚಳವಳಿಯನ್ನು ಬೆಂಬಲಿಸಿದ್ದಕ್ಕಾಗಿ ಅವರು ಚೀನಾದ ರಾಜಧಾನಿಯಿಂದ ತಲೆತಪ್ಪಿಸಿಕೊಂಡು ಹೋಗಬೇಕಾಯಿತು. ಅದೇ ವರ್ಷ ಅಮೆರಿಕವು ತಾನು 1852ರಲ್ಲಿ ಕೊಟ್ಟಿದ್ದ ಪೌರತ್ವವನ್ನು ಕಿತ್ತುಕೊಂಡಿತು. ಎರಡು ದೇಶಗಳನ್ನು ಬೆಸೆಯಲು ಹೊರಟವರಿಗೆ ಎರಡೂ ದೇಶಗಳ ಬಾಗಿಲು ಮುಚ್ಚಿದಂತಾಯಿತು. ಆದರೂ 1902ರಲ್ಲಿ ಅವರು ಮತ್ತೆ ಅಮೆರಿಕಕ್ಕೆ ಹೋದರು. 1912ರಲ್ಲಿ ಹಾರ್ಟ್‌ಫರ್ಡ್‌ನಲ್ಲಿಯೇ ಕೊನೆಯುಸಿರೆಳೆದರು.

ಅಷ್ಟರೊಳಗೆ ಅವರು ನೆಟ್ಟ ಸಸಿಗಳು ಮರವಾಗಿದ್ದವು. ಹನ್ನೊಂದರ ಎಳೆವಯಸ್ಸಿನಲ್ಲಿ ಮೊದಲ ತಂಡದೊಡನೆ ಹೊರಟಿದ್ದ ಝಾನ್ ಟಿಯಾನ್‌ಯೂ ದೊಡ್ಡ ಇಂಜಿನಿಯರಾದರು. ಕಡಿದಾದ ಬೆಟ್ಟಗಳಲ್ಲಿ ಸುರಂಗ ಕೊರೆದು, ಬೀಜಿಂಗ್‌ನಿಂದ ಝಾಂಗ್‌ಜಿಯಾಕೌವರೆಗೆ ಸುಮಾರು 200 ಕಿಲೋಮೀಟರ್ ಉದ್ದದ ರೈಲುಮಾರ್ಗವನ್ನು ಚೀನೀಯರಿಂದಲೇ ಕಟ್ಟಿಸಿ 1909ರಲ್ಲಿ ಮುಗಿಸಿದರು. ಟಾಂಗ್ ಷಾವೊಯಿ 1912ರಲ್ಲಿ ಚೀನಾ ಗಣರಾಜ್ಯದ ಮೊದಲ ಪ್ರಧಾನಮಂತ್ರಿಯಾದರು. ಇನ್ನೂ ಅನೇಕರು ಗಣಿ, ತಂತಿ, ನೌಕಾಪಡೆ, ಶಿಕ್ಷಣ ಮೊದಲಾದ ಕ್ಷೇತ್ರಗಳಲ್ಲಿ ದುಡಿದರು.

ಪರದೇಶದಲ್ಲಿ ಗಳಿಸಿದ ಹಣವನ್ನು ತಾಯ್ನಾಡಿಗೆ ಕಳುಹಿಸುವುದು ಉಪಕಾರವೇ ಸರಿ. ಯಂತ್ರವನ್ನು ಕಳುಹಿಸುವುದು ಇನ್ನೂ ಹೆಚ್ಚಿನ ಉಪಕಾರ. ಆದರೆ ಹಣ ಕರಗುತ್ತದೆ, ಯಂತ್ರ ಸವೆಯುತ್ತದೆ. ತಾನು ಏರಿದ ಮೆಟ್ಟಿಲನ್ನು ಇತರರಿಗೂ ತೋರಿಸಿಕೊಟ್ಟವನ ಉಪಕಾರವು, ಅವನನ್ನು ಜನ ಮರೆತ ಮೇಲೂ ಫಲ ಕೊಡುತ್ತಲೇ ಇರುತ್ತದೆ. ಯುಂಗ್ ವಿಂಗ್ ಅವರ ಯೋಜನೆ ಅರ್ಧದಲ್ಲಿ ನಿಂತರೂ ಅವರು ವಿದ್ಯೆಯ ಋಣವನ್ನು ತೀರಿಸದೆ ಹೋಗಲಿಲ್ಲ.